ನಲವತ್ತು ದಿನಗಳ ಸಾರು

ಕೈರುಚಿಯನ್ನು ಯಂತ್ರದಿಂದ ಅಳೆಯಬಹುದು ಎಂದು ಇಂದುಮತಿ ಹುಲಕೋಟಿ ತೋರಿಸಿಕೊಟ್ಟಾಗ ಅವಳಿಗೆ ನಲವತ್ತೊಂದು ವರ್ಷ. ಅವಳಿಗೆ ಅಡುಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎಂಬುದನ್ನು ಅವಳು ಮುಚ್ಚಿಟ್ಟವಳೂ ಅಲ್ಲ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು.

ಅದಕ್ಕೂ ಮುಂಚೆ ಹನ್ನೆರಡು ವರ್ಷ ಅವಳು ಬೆಟ್ಟದ ಮೇಲಿನ ಒಂದು ದೂರದರ್ಶಕದ ಕೆಳಗೆ ಕುಳಿತು ನಕ್ಷತ್ರಗಳ ಅಲುಗಾಟವನ್ನು ಅಳೆದಿದ್ದಳು. ದೂರದ ನಕ್ಷತ್ರವೊಂದನ್ನು ಗ್ರಹ ಸುತ್ತುತ್ತಿದ್ದರೆ ಆ ಗ್ರಹ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದು ತನ್ನ ನಕ್ಷತ್ರವನ್ನು ಒಮ್ಮೆ ಆಚೆ, ಒಮ್ಮೆ ಈಚೆ ಜಗ್ಗುತ್ತಿರುತ್ತದೆ. ಆ ಜಗ್ಗಾಟ ನಕ್ಷತ್ರದ ಬೆಳಕಿನ ಬಣ್ಣದಲ್ಲಿ ಅತಿ ಸಣ್ಣ ವ್ಯತ್ಯಾಸವಾಗಿ ಇಳಿದು ಬರುತ್ತದೆ. ಅದನ್ನು ಹಿಡಿಯುವ ಅಳತೆಗೋಲು ಎಂದರೆ ಬೆಳಕಿನ ಹಣಿಗೆ. ಲೇಸರ್‌ನಿಂದ ಹೊರಡುವ ಸಾವಿರಾರು ಬಣ್ಣದ ಗೆರೆಗಳು, ಹಣಿಗೆಯ ಹಲ್ಲುಗಳಂತೆ, ಒಂದರ ಪಕ್ಕ ಒಂದು ಸಮ ಅಂತರದಲ್ಲಿ ನಿಂತಿರುತ್ತವೆ. ಇಂದುಮತಿ ಅಂಥ ಹಣಿಗೆಗಳನ್ನು ಕಟ್ಟುವುದರಲ್ಲಿ ಪಳಗಿದವಳು. ಹೀಗಿರುವಾಗ ಒಂದು ದಿನ ಎರಡು ಸಾಲಿನ ಪತ್ರ ಬಂದು ದೂರದರ್ಶಕದ ಯೋಜನೆ ನಿಂತುಹೋಯಿತು. ಗ್ರಹಗಳಿಂದ ಜನರಿಗೇನು ಪ್ರಯೋಜನ ಎಂದು ಯಾರೋ ಕೇಳಿದ್ದರಂತೆ. ಉತ್ತರ ಹೇಳಬೇಕಾದವರು ಊಟಕ್ಕೆ ಹೋಗಿದ್ದರಂತೆ.

ಉಳಿದ ಉಪಕರಣಗಳನ್ನು ಹಂಚುವಾಗ ಬೆಳಕಿನ ಹಣಿಗೆ ಯಾರಿಗೂ ಬೇಡವಾಯಿತು. ಕೊನೆಗೆ ಅದೂ ಇಂದುಮತಿಯೂ ಒಂದೇ ಆದೇಶದಲ್ಲಿ ಧಾರವಾಡದ ಹೊರವಲಯದ ಒಂದು ಆಹಾರ ಸಂಶೋಧನಾ ಕೇಂದ್ರಕ್ಕೆ ವರ್ಗವಾದರು.

ಅಲ್ಲಿಯವರನ್ನು ಕಂಡರೆ ಅವಳಿಗೆ ತಾತ್ಸಾರ. ಒಬ್ಬರು ಹದಿನೇಳು ವರ್ಷದಿಂದ ಚಟ್ನಿಪುಡಿ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂದು ನೋಡುತ್ತಿದ್ದರು. ಅವರು ನಿವೃತ್ತರಾಗುವ ಹೊತ್ತಿಗೂ ಅದು ಕೆಡುವ ಲಕ್ಷಣವಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಇವರೆಲ್ಲ ಡಬ್ಬಿ ಬಿಚ್ಚಿ, ಯಾರ ಹೆಂಡತಿಯ ಕೈರುಚಿ ಮೇಲು ಎಂದು ಗಂಭೀರವಾಗಿ ಚರ್ಚಿಸುವುದನ್ನು ಕಂಡು ಅವಳಿಗೆ ರೇಗಿತು. ವಿಜ್ಞಾನಿಗಳೆನ್ನಿಸಿಕೊಂಡವರು ಕೈರುಚಿ ಎಂಬ ಮಾತಾಡಬಹುದೇ? ಇಲ್ಲದ ವಸ್ತುವೊಂದನ್ನು ಇಲ್ಲವೆಂದು ತೋರಿಸಿ ಬಾಯಿ ಮುಚ್ಚಿಸೋಣ ಎಂದು ಒಂದು ದಿನ ಐವರ ಡಬ್ಬಿಗಳನ್ನು ಇಸಿದುಕೊಂಡು, ಸಾರನ್ನು ಕಾಯಿಸಿ, ಹಬೆಯ ಮೂಲಕ ಹಣಿಗೆಯ ಬೆಳಕನ್ನು ಹಾಯಿಸಿದಳು.

ಹಬೆಯೊಳಗಿನ ಪ್ರತಿಯೊಂದು ಪರಿಮಳದ ಅಣುವೂ ಹಣಿಗೆಯ ತನ್ನ ಪಾಲಿನ ಹಲ್ಲುಗಳನ್ನು ನುಂಗುತ್ತದೆ. ಯಾವ ಹಲ್ಲು ಎಷ್ಟು ಸವೆದಿದೆ ಎಂದು ನೋಡಿದರೆ ಹಬೆಯಲ್ಲಿ ಏನೇನು ಎಷ್ಟೆಷ್ಟಿದೆ ಎಂದು ತಿಳಿಯುತ್ತದೆ. ಐದೂ ಡಬ್ಬಿಯಲ್ಲಿ ಇದ್ದದ್ದು ತೊಗರಿಬೇಳೆಯ ಸಾರೇ. ಆದರೆ ಪರದೆಯ ಮೇಲೆ ಐದು ಗೆರೆಪಟ್ಟಿಗಳು ಐದು ಬೆರಳಚ್ಚುಗಳಂತೆ ಬೇರೆಬೇರೆಯಾಗಿ ಬಂದವು. ಮರುದಿನ ತಂದ ಸಾರಿನಲ್ಲೂ ಅದೇ ಅಚ್ಚು. ಸಾಸಿವೆ ಸಿಡಿಯುವ ಹೊತ್ತಿಗೆ ಎಣ್ಣೆ ಎಷ್ಟು ಕಾದಿತ್ತು, ಹುಣಸೆರಸ ಎಷ್ಟು ಹೊತ್ತು ಕುದಿಯಿತು, ಬೆಲ್ಲ ಯಾವಾಗ ಬಿತ್ತು, ಎಲ್ಲವೂ ಅಲ್ಲಿತ್ತು. ಹತ್ತು ದಿನದಲ್ಲಿ ಡಬ್ಬಿ ನೋಡದೆ ಅದು ಯಾರ ಮನೆಯದೆಂದು ಇಂದುಮತಿ ಹೇಳಬಲ್ಲವಳಾದಳು. ಕೈರುಚಿ ಇಲ್ಲವೆಂದು ತೋರಿಸಲು ಹೋದವಳು ಅದು ಇದೆಯೆಂದು ಸಾಧಿಸಿಬಿಟ್ಟಿದ್ದಳು.

ಸುದ್ದಿ ನಿರ್ದೇಶಕರ ಕಿವಿಗೆ ಬಿತ್ತು. ಡಾ. ಪ್ರಹ್ಲಾದ ಕೊರ್ಲಹಳ್ಳಿ ಒಂಬತ್ತು ವರ್ಷದಿಂದ ಸಂಶೋಧನೆ ಎಂಬುದನ್ನು ಕೈಯಿಂದ ಮುಟ್ಟಿರಲಿಲ್ಲ. ಉದ್ಘಾಟನೆಯ ಟೇಪು ಕತ್ತರಿಸುವಾಗ ಮಾತ್ರ ಅವರ ಕೈ ಚುರುಕಾಗುತ್ತಿತ್ತು. ಪ್ರಯೋಗಾಲಯಕ್ಕೆ ಬಂದು, ಪರದೆಯ ಮೇಲಿನ ಗೆರೆಗಳನ್ನು ಅರ್ಥವಾದವರಂತೆ ನೋಡಿ, ಇದಕ್ಕೊಂದು ಹೆಸರು ಬೇಕು ಎಂದರು. ‘ರಸಮಾನ’ ಎಂಬ ಹೆಸರನ್ನು ಹುಡುಕಲು ಮೂರು ಸಭೆಗಳು ನಡೆದವು. ಸಾರಿನ ಬಗ್ಗೆ ಒಂದೂ ನಡೆಯಲಿಲ್ಲ.

ಅಳತೆಗೆ ನೂರು ಎಂದರೆ ಯಾವುದು ಎಂಬ ಪ್ರಶ್ನೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಹೆಸರು. ಊರ ಹೊರಗಿನ ಕಲ್ಲಾಪುರದ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಗಂಗವ್ವ ಬಾರಕೇರ. ಐವತ್ತು ದಾಟಿದ ಹೆಂಗಸು. ನೂರಾ ಎಂಬತ್ತು ಮಕ್ಕಳಿಗೆ ದಿನವೂ ಅನ್ನ, ಸಾರು. ಅವಳ ಸಾರಿಗಾಗಿ ಪಕ್ಕದ ಖಾಸಗಿ ಶಾಲೆಯಿಂದ ಮಕ್ಕಳನ್ನು ಬಿಡಿಸಿ ತಂದ ಮನೆಗಳಿದ್ದವು. ಇಂದುಮತಿ ರಸಮಾನದ ಪೆಟ್ಟಿಗೆಯನ್ನು ಹೊತ್ತು ನಲವತ್ತು ದಿನ ಆ ಶಾಲೆಗೆ ಹೋದಳು. ಗಂಗವ್ವ ಒಲೆಯ ಮುಂದೆ ಮಾತಿಲ್ಲದೆ ಕೆಲಸ ಮಾಡಿದಳು, ಇಂದುಮತಿ ಹಬೆಗೆ ನಳಿಗೆ ಹಿಡಿದು ಮಾತಿಲ್ಲದೆ ಅಳೆದಳು. ಒಂದೇ ಸಲ ಗಂಗವ್ವ, ಇದರಿಂದ ನನಗೇನಾದರೂ ತೊಂದರೆ ಉಂಟೇ ಎಂದು ಕೇಳಿದ್ದಳು. ಇಲ್ಲ, ನಿಮಗೆ ಹೆಸರು ಬರುತ್ತದೆ ಎಂದಿದ್ದಳು ಇಂದುಮತಿ. ಹಾಗೆಂದು ಅವಳು ನಂಬಿಯೂ ಇದ್ದಳು.

ನಲವತ್ತು ದಿನಗಳ ಸರಾಸರಿ ತೆಗೆದು ಅದಕ್ಕೆ ನೂರು ಎಂದು ಹೆಸರಿಟ್ಟರು. ಬೇರೆ ಸಾರು ಅದಕ್ಕೆ ಎಷ್ಟು ಹತ್ತಿರವೋ ಅಷ್ಟು ಅಂಕ.

ಮುಂದಿನದೆಲ್ಲ ಒಂದೇ ವರ್ಷದಲ್ಲಿ ನಡೆಯಿತು. ಕೈಯಲ್ಲಿ ಹಿಡಿಯುವಷ್ಟು ಸಣ್ಣ ರಸಮಾನಗಳು ಅಂಗಡಿಗೆ ಬಂದವು. ಖಾನಾವಳಿಗಳು ಬಾಗಿಲಿಗೆ ಅಂಕೆ ತೂಗುಹಾಕಿದವು. ಎಪ್ಪತ್ತೆಂಟರ ಖಾನಾವಳಿಯಲ್ಲಿ ಉಂಡು ತೃಪ್ತಿಯಿಂದ ತೇಗಿದವನು, ಎದುರಿನದು ಎಂಬತ್ತೊಂದು ಎಂದು ಗೊತ್ತಾದ ಕೂಡಲೇ ಮೋಸಹೋದವನಂತೆ ಮುಖ ಮಾಡುತ್ತಿದ್ದ. ಮದುವೆಯ ಕರೆಯೋಲೆಯಲ್ಲಿ ಮುಹೂರ್ತದ ಕೆಳಗೆ ಅಡುಗೆಯವರ ಅಂಕ ಅಚ್ಚಾಯಿತು. ಹೆಣ್ಣು ನೋಡಲು ಹೋದವರು ಹುಡುಗಿಗೆ ಹಾಡು ಹೇಳಿಸುವುದನ್ನು ಬಿಟ್ಟು ಅವಳು ಮಾಡಿದ ಸಾರಿನ ಮೇಲೆ ಪೆಟ್ಟಿಗೆ ಹಿಡಿದರು. ನಾಲಿಗೆ ಎಂಬುದೊಂದು ತಮ್ಮ ಬಾಯಲ್ಲೇ ಇದೆ ಎಂಬುದು ಇಡೀ ಊರಿಗೆ ಮರೆತುಹೋದಂತಿತ್ತು.

ಇಂದುಮತಿಯ ಮನೆಯಲ್ಲಿ ಅಡುಗೆ ಅವಳ ಗಂಡ ಶಿವಪುತ್ರನದು. ಕಾಲೇಜಿನಲ್ಲಿ ಗಣಿತ ಹೇಳುವವನು, ನಿಧಾನದ ಮನುಷ್ಯ. ಅವಳು ತಮಾಷೆಗೆಂದು ಅವನ ಸಾರಿನ ಮೇಲೆ ರಸಮಾನ ಹಿಡಿದಳು. ಅರವತ್ತೊಂದು. ಅವನು ನಕ್ಕ. ಮರುದಿನ ಬೆಲ್ಲ ಒಂದು ಚೂರು ಹೆಚ್ಚು ಹಾಕಿ, ಪೆಟ್ಟಿಗೆಯನ್ನು ತಾನೇ ಹಿಡಿದು ನೋಡಿದ. ಅರವತ್ತೆಂಟು. ತಿಂಗಳೊಪ್ಪತ್ತಿನಲ್ಲಿ ಎಂಬತ್ತನಾಲ್ಕಕ್ಕೆ ತಂದ. ಒಂದು ಮುಂಜಾನೆ ಒಲೆಯ ಮುಂದೆ ನಿಂತವನು ಸೌಟನ್ನು ಕೆಳಗಿಟ್ಟು, ಹೆಂಡತಿಯನ್ನು ಕರೆದ.

“ಇಂದೂ, ನಾ ಈ ತಿಂಗಳದಾಗ ಒಂದ ಸಲಾನೂ ಸಾರಿನ ರುಚಿ ನೋಡಿಲ್ಲ. ನೋಡಬೇಕು ಅಂತ ಅನಸಲೂ ಇಲ್ಲ. ಇದನ್ನ ಒಯ್ದು ಎಲ್ಲ್ಯರ ಇಡು.”

ಅವಳಿಗೆ ಸಿಟ್ಟು ಬಂತು. ಅಳತೆಗೆ ಹೆದರುವವನು ಗಣಿತದ ಮೇಷ್ಟ್ರಾದದ್ದು ಹೇಗೆ ಎಂದು ಕೇಳಿದಳು. ಅವನು ಪೆಟ್ಟಿಗೆಯನ್ನು ಚಪ್ಪಲಿ ಇಡುವ ಕಪಾಟಿನ ಮೇಲೆ ಇಟ್ಟು ಬಂದು ಬೇಳೆಗೆ ಒಗ್ಗರಣೆ ಹಾಕಿದ.

ಇತ್ತ ಜಿಲ್ಲೆಯ ನಾನೂರಾ ಹನ್ನೆರಡು ಶಾಲೆಗಳ ಬಿಸಿಯೂಟವನ್ನು ಅಳೆಯಲಾಯಿತು. ಎಂಬತ್ತು ಬಾರದ ಅಡುಗೆಮನೆಗಳನ್ನು ಮುಚ್ಚಿ, ಕೇಂದ್ರ ಪಾಕಶಾಲೆಯಿಂದ ಗಂಗವ್ವನ ಸಾರನ್ನೇ ಎಲ್ಲ ಮಕ್ಕಳಿಗೂ ಕೊಡುವುದು ಯೋಜನೆ. ಯಾರಿಗೂ ಎಂಬತ್ತು ಬರಲಿಲ್ಲ. ಕೊನೆಗೆ ತಪಾಸಣೆಯವರು ಕಲ್ಲಾಪುರಕ್ಕೂ ಹೋದರು. ಅದು ಮಾರ್ಚ್ ತಿಂಗಳು. ಹೊಸ ಬೇಳೆ ಬಂದಿತ್ತು, ಬಿಸಿಲು ಏರಿತ್ತು. ಗಂಗವ್ವನ ಸಾರಿಗೆ ಎಪ್ಪತ್ತೊಂದು ಬಂತು.

ಗಂಗವ್ವನ ಸಾರು ಗಂಗವ್ವನ ಸಾರಿನಷ್ಟು ಚೆನ್ನಾಗಿಲ್ಲ ಎಂದು ತಪಾಸಣೆಯವರು ಬರೆದುಕೊಂಡರು. ಆ ವಾಕ್ಯವನ್ನು ಓದಿದ ಏಳು ಜನ ಅಧಿಕಾರಿಗಳಲ್ಲಿ ಒಬ್ಬನಿಗೂ ನಗು ಬರಲಿಲ್ಲ. ಕೊರ್ಲಹಳ್ಳಿಯವರು, ವಯಸ್ಸಾದ ಮೇಲೆ ಕೈ ಕೆಡುವುದು ಸಹಜ, ಅದೃಷ್ಟವಶಾತ್ ನಾವು ಸಕಾಲದಲ್ಲಿ ದಾಖಲಿಸಿಕೊಂಡೆವು ಎಂದು ಪತ್ರಿಕೆಯವರಿಗೆ ಹೇಳಿದರು. ಗಂಗವ್ವನನ್ನು ಪಾಪವೆಂದು ಪೂರ್ತಿ ತೆಗೆಯದೆ, ವ್ಯಾನಿನಲ್ಲಿ ಬರುವ ಸಾರನ್ನು ಬಡಿಸುವ ಕೆಲಸಕ್ಕೆ ಇಟ್ಟುಕೊಂಡರು. ಇಂದುಮತಿಗೆ ವರದಿ ಓದಿ ಮನಸ್ಸು ಎಲ್ಲೋ ಚುಚ್ಚಿತು. ಆದರೆ ಯಂತ್ರ ತಪ್ಪಿಲ್ಲವೆಂದು ಎರಡು ಸಲ ಪರೀಕ್ಷಿಸಿ ಸುಮ್ಮನಾದಳು. ಯಂತ್ರ ನಿಜಕ್ಕೂ ತಪ್ಪಿರಲಿಲ್ಲ.

ಪಾಕಶಾಲೆಯ ನಿಯಂತ್ರಣ ಕೊಠಡಿಯನ್ನು ನೋಡಲು ಬೇರೆ ರಾಜ್ಯಗಳಿಂದ ಜನ ಬರುತ್ತಿದ್ದರು. ಗಾಜಿನಾಚೆ ಆರು ದೊಡ್ಡ ಉಕ್ಕಿನ ಹಂಡೆಗಳು. ಪ್ರತಿಯೊಂದರ ಹಬೆಯನ್ನೂ ಮೂರು ಸೆಕೆಂಡಿಗೊಮ್ಮೆ ಹಣಿಗೆ ಓದುತ್ತಿತ್ತು. ಹುಳಿ ಕಡಿಮೆಯಾದರೆ ಒಂದು ನಳ ತಾನೇ ತೆರೆದು ಹುಣಸೆರಸ ಬಿಡುತ್ತಿತ್ತು, ಬೆಲ್ಲಕ್ಕೆ ಇನ್ನೊಂದು, ಒಗ್ಗರಣೆಯ ಎಣ್ಣೆಗೆ ಮತ್ತೊಂದು. ಪರದೆಯ ಮೇಲೆ ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೇಳು. ಅದರ ಕೆಳಗೆ ಇಳಿದದ್ದೇ ಇಲ್ಲ.

ಮೊದಲ ವಾರ ಮಕ್ಕಳು ಚಪ್ಪರಿಸಿ ಉಂಡರು. ಎರಡನೆಯ ವಾರ ಉಂಡರು. ಮೂರನೆಯ ವಾರದ ಹೊತ್ತಿಗೆ ಹಿಂದಿರುಗಿ ಬರುವ ಕ್ಯಾನುಗಳು ಭಾರವಾಗತೊಡಗಿದವು. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೇಲೆ ಅರ್ಧಕ್ಕರ್ಧ ಸಾರು ವಾಪಸು ಬರತೊಡಗಿತು. ಸಂಶೋಧನಾ ಕೇಂದ್ರ ಒಂದು ಸಮಿತಿ ಮಾಡಿತು. ಸಾರು ತೊಂಬತ್ತೇಳು ಇರುವುದರಿಂದ ದೋಷ ಮಕ್ಕಳ ನಾಲಿಗೆಯಲ್ಲಿದೆ, ಅವಕ್ಕೆ ತರಬೇತಿ ಬೇಕು ಎಂದು ಸಮಿತಿ ಹೇಳಿತು. ಮಕ್ಕಳಿಗೆ ರುಚಿಯನ್ನು ಗುರುತಿಸುವುದು ಹೇಗೆ ಎಂಬ ಬಣ್ಣದ ಪುಸ್ತಕ ಅಚ್ಚಾಯಿತು. ಹಸಿದ ಮಕ್ಕಳು ಅದನ್ನು ಓದಿದರು.

ಕಲ್ಲಾಪುರದಲ್ಲಿ ಮಾತ್ರ ಕ್ಯಾನುಗಳು ಖಾಲಿ ಬರುತ್ತಿದ್ದವು. ಜೊತೆಗೆ ಅಲ್ಲಿನ ಶಾಲೆಯಲ್ಲಿಟ್ಟಿದ್ದ ತಪಾಸಣೆಯ ರಸಮಾನ ದಿನಕ್ಕೊಂದು ಅಂಕೆ ತೋರಿಸುತ್ತಿತ್ತು. ಐವತ್ತೆಂಟು, ಎಪ್ಪತ್ತು, ನಲವತ್ತೊಂಬತ್ತು. ಒಂದು ದಿನ ಹೇಳದೆ ಕೇಳದೆ ತಪಾಸಣೆಯವರು ಹೋಗಿ ನೋಡಿದರೆ, ಗಂಗವ್ವ ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದು ಕ್ಯಾನಿಗೆ ಏನೋ ಸುರಿಯುತ್ತಿದ್ದಳು. ಶಾಲೆಯ ಆಹಾರದಲ್ಲಿ ಕಲಬೆರಕೆ ಎಂದು ಪ್ರಕರಣವಾಯಿತು. ತಾಂತ್ರಿಕ ವರದಿ ಕೊಡಬೇಕಾದವಳು ಇಂದುಮತಿ.

ಕಡತ ಮನೆಗೆ ತಂದ ಸಂಜೆ ಅವಳು ಚಹಾ ಆರುವವರೆಗೂ ಅದನ್ನೇ ನೋಡುತ್ತ ಕುಳಿತಳು. ವರ್ಷದ ಹಿಂದಿನ ಆ ನಲವತ್ತು ದಿನಗಳ ಗೆರೆಪಟ್ಟಿಗಳನ್ನು ತೆರೆದು, ಸರಾಸರಿಯನ್ನು ಪಕ್ಕಕ್ಕಿಟ್ಟು, ಮೊದಲ ಸಲ ಒಂದೊಂದಾಗಿ ನೋಡಿದಳು. ಸೋಮವಾರಗಳ ಸಾರು ದಪ್ಪ. ಬಿಸಿಲೇರಿದ ದಿನ ಹುಳಿ ಮುಂದು, ಬೇಳೆ ಹಿಂದು. ಪರೀಕ್ಷೆಯ ವಾರ ಬೆಲ್ಲ ಒಂದು ತೂಕ ಹೆಚ್ಚು. ಮಕ್ಕಳಿಗೆ ನೆಗಡಿಯಿದ್ದ ವಾರ ಮೆಣಸು, ಬೆಳ್ಳುಳ್ಳಿ. ನಲವತ್ತು ದಿನ, ನಲವತ್ತು ಸಾರು. ಸರಾಸರಿಯ ಸಾರನ್ನು ಗಂಗವ್ವ ಯಾವ ದಿನವೂ ಮಾಡಿರಲಿಲ್ಲ. ಆ ಸಾರು ಲೋಕದಲ್ಲಿ ಯಾರೂ ಎಂದೂ ಉಂಡಿರದ ಸಾರು. ಅದನ್ನೇ ಇವರು ನಾನೂರಾ ಹನ್ನೆರಡು ಶಾಲೆಗಳಿಗೆ ಕಳಿಸುತ್ತಿದ್ದರು.

ಇಂದುಮತಿಗೆ ತನ್ನ ಮೇಲೆ ಎಂಥ ತಿರಸ್ಕಾರ ಹುಟ್ಟಿತೆಂದರೆ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ನಕ್ಷತ್ರದ ಅಲುಗಾಟಕ್ಕೆ ಸರಾಸರಿ ತೆಗೆದರೆ ಏನುಳಿಯುತ್ತದೆ? ಅಲುಗದ ನಕ್ಷತ್ರ. ಗ್ರಹ ಮಾಯ. ಮೊದಲ ವರ್ಷದ ವಿದ್ಯಾರ್ಥಿ ಆ ತಪ್ಪು ಮಾಡಿದ್ದರೆ ಅವಳು ಅವನನ್ನು ಕೊಠಡಿಯಿಂದ ಹೊರಗೆ ಕಳಿಸುತ್ತಿದ್ದಳು. ಹನ್ನೆರಡು ವರ್ಷ ಅಲುಗಾಟವನ್ನಷ್ಟೇ ಹುಡುಕಿದವಳು, ಅಡುಗೆಯ ಹೆಂಗಸಿನ ಮುಂದೆ ಕುಳಿತಾಗ ಅಲುಗಾಟವನ್ನು ಕಸವೆಂದು ಗುಡಿಸಿ ಹಾಕಿದ್ದಳು. ಅಲ್ಲಿ ಹುಡುಕುವಂಥದ್ದು ಏನೋ ಇರಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಇದನ್ನೆಲ್ಲ ಅವಳು ಶಿವಪುತ್ರನಿಗೆ ಹೇಳಿದಳು. ಅವನು ಕೇಳಿಸಿಕೊಂಡು, ನಾಳೆ ವಿಚಾರಣೆಯಲ್ಲೂ ಇಷ್ಟೇ ಸ್ಪಷ್ಟವಾಗಿ ಹೇಳು ಎಂದಷ್ಟೇ ಅಂದ.

ವಿಚಾರಣೆ ನಡೆದದ್ದು ನಿಯಂತ್ರಣ ಕೊಠಡಿಯಲ್ಲೇ. ಗಂಗವ್ವ ಬಾಗಿಲ ಹತ್ತಿರ ನಿಂತಿದ್ದಳು. ಕುಳಿತುಕೋ ಎಂದು ಯಾರೂ ಹೇಳಿರಲಿಲ್ಲ. ಏನು ಬೆರೆಸಿದೆ ಎಂದು ಕೊರ್ಲಹಳ್ಳಿಯವರು ಕೇಳಿದರು.

“ಹುಣಸಿ ರಸ, ಹುರದ ಶೇಂಗಾದ ಪುಡಿ. ಒಂದೊಂದ ದಿನ ಬರೇ ಬಿಸಿನೀರ. ನೀವು ಕಳಸೂದು ಕೆಟ್ಟಿಲ್ರಿ. ಆದ್ರ ಅದು ಯಾರಿಗಂತ ಮಾಡಿದ್ದಲ್ಲ.”

ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಒಪ್ಪಿಕೊಂಡಿದ್ದಾಳೆ ಎಂದು ಗುಮಾಸ್ತನಿಗೆ ಬರೆಸಿ, ಇಂದುಮತಿಯ ಕಡೆ ಕಾಗದ ಸರಿಸಿದರು. ಅವಳು ಸಹಿ ಮಾಡದೆ ಎದ್ದುನಿಂತು, ನಲವತ್ತು ಗೆರೆಪಟ್ಟಿಗಳನ್ನು ಪರದೆಗೆ ಹಾಕಿ, ಖಾಲಿ ಬಂದ ಕ್ಯಾನುಗಳ ತೂಕವನ್ನು ಪಕ್ಕಕ್ಕಿಟ್ಟು, ಇದ್ದದ್ದನ್ನು ಇದ್ದಂತೆ ವಿವರಿಸಿದಳು.

“ಸರ್, ನಾವು ಅಳತಿ ಮಾಡಿದ್ದು ಸರಿ. ಸರಾಸರಿ ತಗದದ್ದು ತಪ್ಪು. ತಪ್ಪು ನಂದು. ಈಕಿ ಕಲಬೆರಕಿ ಮಾಡಿಲ್ಲ, ನಾ ಅಳಸಿ ಹಾಕಿದ್ದನ್ನ ವಾಪಸ್ ಹಾಕ್ಯಾಳ.”

ಕೊರ್ಲಹಳ್ಳಿಯವರು ಬಹಳ ಹೊತ್ತು ಪರದೆಯನ್ನು ನೋಡಿದರು. ಅವರ ಮುಖ ಅರಳಿತು. ಒಂದು ಕ್ಷಣ ಇಂದುಮತಿಗೆ, ಈ ಮನುಷ್ಯನಿಗೆ ಅರ್ಥವಾಯಿತು ಎನ್ನಿಸಿತು.

“ಹಂಗಾದ್ರ ಇದು ಎರಡನೇ ಆವೃತ್ತಿಗೆ ಬೇಕಾಗ್ತದ,” ಎಂದರು ಅವರು. “ದಿನಾ ಹತ್ತಿಪ್ಪತ್ತು ಅಂಕ ಹಿಂದ ಮುಂದ ಆಗೋಹಾಂಗ ಕಂಪ್ಯೂಟರಿಗೆ ಹೇಳೋಣ. ತಾನ ಚೀಟಿ ಎತ್ತಿದ್ಹಾಂಗ ಎತ್ತಿ ಹಾಕ್ತದ.”

ಇದು ಚೀಟಿ ಎತ್ತಿದಂತಲ್ಲ, ಆಕೆ ಮಕ್ಕಳ ಮುಖ ನೋಡಿ ಹಾಕುತ್ತಾಳೆ ಎಂದಳು ಇಂದುಮತಿ.

“ಮುಖ ನೋಡ್ಲಿಕ್ಕೆ ಕ್ಯಾಮೆರಾ ಹಾಕಿದ್ರಾಯ್ತು. ಅದೇನು ದೊಡ್ಡ ಮಾತಲ್ಲ. ನೀವು ಮೊದಲ ಸಹಿ ಮಾಡ್ರಿ.”

ಅವಳು ಸಹಿ ಮಾಡಲಿಲ್ಲ. ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟಳು. ಕೊರ್ಲಹಳ್ಳಿಯವರು ಚಟ್ನಿಪುಡಿಯ ಸಂಶೋಧಕರನ್ನು ಕರೆಸಿದರು. ಅವರು ಓದದೆ ಸಹಿ ಮಾಡಿ, ಚಹಾ ಕುಡಿದು ಹೋದರು. ಗಂಗವ್ವನನ್ನು ಕೆಲಸದಿಂದ ತೆಗೆದ ಆದೇಶ ಅದೇ ಮಧ್ಯಾಹ್ನ ಹೊರಟಿತು. ಆಕೆ ಆದೇಶವನ್ನು ನಾಲ್ಕಾಗಿ ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಜಿನಾಚೆಯ ಆರು ಹಂಡೆಗಳನ್ನು ಒಮ್ಮೆ ನೋಡಿದಳು. ತಿಕ್ಕದೆ ಬಿಟ್ಟ ಪಾತ್ರೆಗಳನ್ನು ನೋಡುವಂತಿತ್ತು ಆ ನೋಟ.

ಎರಡನೆಯ ಆವೃತ್ತಿ ಬಂತು. ಕಂಪ್ಯೂಟರು ತನಗೆ ತೋಚಿದಂತೆ ಒಂದು ದಿನ ಹುಳಿ, ಒಂದು ದಿನ ಸಪ್ಪೆ ಕಳಿಸಿತು. ಜ್ವರದ ವಾರ ಎಣ್ಣೆ, ಬಿಸಿಲಿನ ದಿನ ಖಾರ. ಊಟದ ಮನೆಗಳಲ್ಲಿ ಕ್ಯಾಮೆರಾ ಬಂದವು. ಹಸಿದ ಮುಖ ಯಾವುದು, ಸಿಟ್ಟಿನ ಮುಖ ಯಾವುದು ಎಂದು ಅವಕ್ಕೆ ತಿಳಿಯಲಿಲ್ಲ. ಹಸಿದ ಮಕ್ಕಳ ಮುಖ ಎರಡೂ ಆಗಿರುತ್ತದೆ. ಕೇಂದ್ರಕ್ಕೆ ಪ್ರಶಸ್ತಿ ಬಂತು. ಕೊರ್ಲಹಳ್ಳಿಯವರು ಶಾಲು ಹೊದ್ದು ಮಾತಾಡಿ, ಗ್ರಾಮೀಣ ಮಹಿಳೆಯೊಬ್ಬಳ ಪ್ರತಿಭೆಯನ್ನು ವಿಜ್ಞಾನ ಅಮರಗೊಳಿಸಿತು ಎಂದರು. ಆ ಮಹಿಳೆಯ ಹೆಸರು ಅವರ ಭಾಷಣದಲ್ಲಿರಲಿಲ್ಲ.

ತನ್ನ ತಪ್ಪನ್ನು ವಿವರಿಸಿ ಇಂದುಮತಿ ಬರೆದ ಪ್ರಬಂಧಕ್ಕೆ ಕೇಂದ್ರ ಅನುಮತಿ ಕೊಡಲಿಲ್ಲ. ಅವಳು ರಾಜೀನಾಮೆ ಬರೆದುಕೊಟ್ಟು, ಪ್ರಬಂಧವನ್ನು ತನ್ನ ಹೆಸರಿನಲ್ಲೇ ಕಳಿಸಿದಳು. ಅದು ಅಚ್ಚಾಯಿತು. ಮೂರು ದೇಶಗಳ ವಿಜ್ಞಾನಿಗಳು ಮೆಚ್ಚಿ ಪತ್ರ ಬರೆದರು. ಜಿಲ್ಲೆಯಲ್ಲಿ ಅದನ್ನು ಓದಿದವರಿಲ್ಲ. ಅವಳು ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳತೊಡಗಿದಳು.

ಕಲ್ಲಾಪುರಕ್ಕೆ ಹೋಗಲು ಅವಳಿಗೆ ಧೈರ್ಯ ಬಂದದ್ದು ನವೆಂಬರಿನಲ್ಲಿ. ಬಿಸಿಯೂಟದ ಗಂಟೆ ಹೊಡೆಯುವ ಹೊತ್ತಿಗೆ ಶಾಲೆಯ ಮುಂದೆ ಇಳಿದಳು. ಕ್ಯಾನುಗಳು ಶಾಲೆಯ ಜಗುಲಿಯ ಮೇಲೆ ಮುಚ್ಚಳ ತೆಗೆಯದೆ ನಿಂತಿದ್ದವು. ಮಕ್ಕಳು ಸಾಲಾಗಿ ರಸ್ತೆ ದಾಟಿ ಎದುರಿನ ಹೆಂಚಿನ ಮನೆಗೆ ಹೋಗುತ್ತಿದ್ದರು. ಊರ ತಾಯಂದಿರು ಮನೆಗೊಂದು ಹಿಡಿ ಅಕ್ಕಿ, ಬೇಳೆ ತಂದುಕೊಟ್ಟು ಗಂಗವ್ವನಿಗೆ ಅಲ್ಲಿ ಒಲೆ ಹೂಡಿಕೊಟ್ಟಿದ್ದರು. ಹೆಡ್‌ಮಾಸ್ತರರು ವ್ಯಾನಿನ ಸಾರನ್ನು ಮಕ್ಕಳೆಲ್ಲ ಉಂಡರೆಂದು ದಿನವೂ ಬರೆದು ಕಳಿಸುತ್ತಿದ್ದರು. ಸಂಜೆ ಅದನ್ನು ಎಮ್ಮೆಗಳಿಗೆ ಇಡುತ್ತಿದ್ದರು.

ಇಂದುಮತಿ ಬಾಗಿಲಲ್ಲಿ ನಿಂತು, ತಪ್ಪು ನನ್ನಿಂದ ಆಯಿತು, ಕ್ಷಮಿಸಬೇಕು ಎಂದಳು. ದಾರಿಯಲ್ಲಿ ಇನ್ನೂ ಏನೇನೋ ಜೋಡಿಸಿಕೊಂಡು ಬಂದಿದ್ದಳು. ಗಂಗವ್ವ ಸೌಟು ಬಿಡದೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನಲವತ್ತ ದಿನಾ ಬಂದ್ರಿ ಅಕ್ಕಾರ. ನನ್ನ ಮಗ್ಗಲದಾಗ ಕುಂತ್ರಿ. ಒಂದ ದಿನಾನೂ ಉಣ್ಣಲಿಲ್ಲ.”

ಇಂದುಮತಿ ಊಟದ ಡಬ್ಬಿ ತನ್ನ ಚೀಲದಲ್ಲೇ ಇರುತ್ತಿತ್ತು ಎಂದು ಹೇಳಬಹುದಿತ್ತು, ಹೇಳಲಿಲ್ಲ. ಗಂಗವ್ವ ಒಂದು ತಟ್ಟೆಗೆ ಅನ್ನ ಹಾಕಿ, ಸಾರು ಸುರಿದು, ಮಕ್ಕಳ ಸಾಲಿನ ಕೊನೆಯಲ್ಲಿ ಇಟ್ಟಳು. ಇಂದುಮತಿ ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತು ಉಂಡಳು. ಸಾರು ಮೆತ್ತಗಿತ್ತು, ಬೆಚ್ಚಗಿತ್ತು. ಅರ್ಧ ಉಂಡಾದ ಮೇಲೆ ಗಂಗವ್ವ ಹೇಗಿದೆ ಎಂದು ಕೇಳಿದಳು. ಸುಳ್ಳು ಹೇಳಬಾರದೆಂದು ಇಂದುಮತಿ, ಉಪ್ಪು ಖಾರ ಎರಡೂ ಒಂಚೂರು ಕಡಿಮೆಯಾದಂತಿದೆ ಎಂದಳು.

“ಕಮ್ಮೀನ ಐತಿ,” ಎಂದಳು ಗಂಗವ್ವ. “ಆ ಮೂಲ್ಯಾಗ ಕುಂತಾಳಲ್ಲ, ಅಕೀಗೆ ಬಾಯಾಗ ಹುಣ್ಣ ಆಗ್ಯಾವ. ಎರಡ ದಿನದಿಂದ ಏನೂ ಉಂಡಿಲ್ಲ. ಇವತ್ತಿನ ಸಾರು ಅಕೀದು. ನಿಮಗ ಬೇಕಂದ್ರ ಉಪ್ಪು ಅಲ್ಲೈತಿ, ಹಾಕ್ಕೋರಿ.”

ಇಂದುಮತಿ ಉಪ್ಪಿಗೆ ಕೈ ಚಾಚಲಿಲ್ಲ. ಮೂಲೆಯಲ್ಲಿದ್ದ ಹುಡುಗಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎರಡನೆಯ ಸಲ ಸಾರು ಹಾಕಿಸಿಕೊಂಡಳು.